ಹೆಸರು ಆಮೇಲೆ

ಹ್ಯಾಕರ್ಸ್ ಫೋರ್ಕ್, ವರ್ಜೀನಿಯಾ
ಮೇ 9, 1977

ರೆಟ್ಟಾ ಮಗಳೇ,

ಈ ಕಾಗದವನ್ನು ಜೋಪಾನವಾಗಿ ಇಟ್ಟುಕೋ. ಡೊರ್ಸಿ ಟ್ಯಾಕೆಟ್‌ನನ್ನು ಮೊಟ್ಟಮೊದಲು ಗುರುತಿಸಿದವರು ಯಾರು ಎಂದು ಕೇಳಿಕೊಂಡು ಮುಂದೊಂದು ದಿನ ಪೇಪರಿನವರು ಬರುತ್ತಾರೆ. ಆಗ ತೋರಿಸಬೇಕಾಗುತ್ತದೆ.

ನಮ್ಮ ಮಹಡಿ ಕೋಣೆಗೆ ಈ ವರ್ಷ ಬಂದಿರುವ ಆಟಗಾರ ಅವನು. ನಮ್ಮೂರ ಬೇಸ್‌ಬಾಲ್ ತಂಡದವರು ಪ್ರತಿ ವಸಂತದಲ್ಲೂ ಒಬ್ಬನನ್ನು ನಮ್ಮ ಮನೆಗೆ ಹಾಕುವುದು ನಿನಗೆ ಗೊತ್ತೇ ಇದೆ. ನಿನ್ನ ರೆಸಿ ಅತ್ತೆ ಊಟ ಹಾಕುತ್ತಾಳೆ, ನಾನು ಬುದ್ಧಿ ಹಾಕುತ್ತೇನೆ. ಎಡಗೈಯಲ್ಲಿ ಚೆಂಡು ಎಸೆಯುವ ಪಿಚರ್, ಇಪ್ಪತ್ತು ವರ್ಷ. ಕೆಂಟಕಿಯ ಕಡೆಯವನು. ಅಪ್ಪ ಅಮ್ಮ ಇಲ್ಲ. ದೊಡ್ಡಪ್ಪನ ಮನೆ, ಅಲ್ಲಿಂದ ಚಿಕ್ಕಮ್ಮನ ಮನೆ, ಅಲ್ಲಿಂದ ಯಾರೋ ಪಾದ್ರಿಯ ಮನೆ ಎಂದು ಕೈಯಿಂದ ಕೈಗೆ ದಾಟಿಕೊಂಡು ಬೆಳೆದವನು. ಮೊದಲ ದಿನ ಊಟಕ್ಕೆ ಕರೆದರೆ ಅಡುಗೆಮನೆ ಬಾಗಿಲಲ್ಲೇ ನಿಂತು, "ನಾನು ಯಾರ ಕುರ್ಚೀಲಿ ಕೂತ್ಕೊಳ್ಲಿ?" ಅಂದ. ನಿನ್ನ ಅತ್ತೆ ಕಿಟಕಿ ಪಕ್ಕದ್ದನ್ನು ಎಳೆದು, "ಯಾರದ್ದೂ ಅಲ್ಲ, ಇದು ನಿಂದೇ. ಕೂತ್ಕೋ, ಬೀನ್ಸ್ ಆರೋಗುತ್ತೆ" ಅಂದಳು. ಅವತ್ತಿನಿಂದ ಬೇರೆ ಕುರ್ಚಿಯಲ್ಲಿ ಅವನು ಕುಳಿತದ್ದಿಲ್ಲ.

ಇನ್ನು ಅವನ ಕರ್ವ್ ಚೆಂಡು. ಬ್ಯಾಟಿನವನ ಎದೆಗೆ ಬರುವಂತೆ ಬಂದು, ಮಂಡಿಯ ಹತ್ತಿರ ಜಾರಿ ಹೋಗುತ್ತದೆ. ಕಲಿಸಿದ್ದು ನಾನೇ, ಹಿತ್ತಲಲ್ಲಿ ಅಕ್ರೋಟು ಕಾಯಿ ಎಸೆಸಿ. ಆರನೇ ಕ್ಲಾಸಿಗೆ ನನ್ನ ಓದು ನಿಂತಿತು ನಿಜ. ಅದು ಏಳನೆಯದರ ಮೇಷ್ಟರಿಗೆ ನನ್ನನ್ನು ಎದುರಿಸುವ ಧೈರ್ಯ ಇಲ್ಲದ್ದರಿಂದ.

ನಿಮ್ಮ ಡೇಟನ್ನಿನ ದೊಡ್ಡ ತಂಡದವರಿಗೆ ಹೇಳು. ಆ ಮುದುಕ ಹೊಡೆತಗಾರ ಬ್ರಾನಿಗನ್‌ನನ್ನು ಸ್ಯಾಕ್ರಮೆಂಟೊ ತಂಡದಿಂದ ತರಿಸಬೇಕು ಎಂದು ಯಾರು ಯಾರೋ ಬೊಗಳುತ್ತಿದ್ದಾರಂತೆ. ಅವನಿಗಾಗಿ ನಮ್ಮ ಹುಡುಗರನ್ನು ಅದಲುಬದಲು ಮಾಡಿದರೆ ನಾನು ಸುಮ್ಮನಿರುವುದಿಲ್ಲ.

ನಿನ್ನ ಮಾವ,
ಆರ್ವಿಲ್ ಕಾಂಬ್ಸ್

ಡೇಟನ್, ಒಹಾಯೊ
ಮೇ 20, 1977

ಪ್ರೀತಿಯ ಆರ್ವಿಲ್ ಮಾವ,

ಬೊಗಳುತ್ತಿರುವವರಲ್ಲಿ ನಾನೂ ಒಬ್ಬಳು. ಪೇಪರಿನ ಅಭಿಮಾನಿಗಳ ಅಂಕಣಕ್ಕೆ ಬರೆದೂ ಇದ್ದೇನೆ.

ನಿಮ್ಮ ಕಾಗದಗಳನ್ನೆಲ್ಲ ಜೋಪಾನವಾಗಿಯೇ ಇಟ್ಟಿದ್ದೇನೆ, ಅದೇ ತೊಂದರೆ. ಮೂರು ವರ್ಷದ ಕೆಳಗೆ ಒಬ್ಬ ಕ್ಯಾಚರ್ ನಿಮ್ಮ ಮಹಡಿಯಲ್ಲಿದ್ದ, ದೇವರೇ ಕೈಯಾರೆ ಕೆತ್ತಿದ ಕೈ ಅಂತ ಬರೆದಿದ್ದಿರಿ. ಈಗ ಅವನು ಬ್ರೆಡ್ಡಿನ ಲಾರಿ ಓಡಿಸುತ್ತಾನೆ. ಅದಕ್ಕಿಂತ ಮುಂಚೆ ಅವಳಿ ಅಣ್ಣತಮ್ಮ. ಅದಕ್ಕೂ ಮುಂಚೆ, ಹಸುವನ್ನು ಓಡಿ ಹಿಡಿಯುತ್ತಿದ್ದ ಆ ಉದ್ದ ಕಾಲಿನವನು. ಅವರಲ್ಲಿ ಒಬ್ಬನಾದರೂ ಡೇಟನ್ ಮೈದಾನದ ಹುಲ್ಲು ತುಳಿದನೇ? ಪಾಪದ ಹುಡುಗರು, ಅವರ ತಪ್ಪಲ್ಲ. ಆದರೆ ಬೆಳೆಯುತ್ತಾರೆ, ಬೆಳೆಯುತ್ತಾರೆ ಎಂದು ಕಾದು ಕಾದು ನಾವು ಮುದುಕರಾಗುತ್ತಿದ್ದೇವೆ. ನಾನು ಹುಟ್ಟಿದ ಮೇಲೆ ನಮ್ಮ ಡೇಟನ್ ಹ್ಯಾಮರ್ಸ್ ಒಂದು ಸಲವೂ ಕಪ್ ಎತ್ತಿಲ್ಲ. ಈ ವರ್ಷ ಒಬ್ಬ ದೊಡ್ಡ ಹೊಡೆತಗಾರ ಇದ್ದರೆ ಎತ್ತಬಹುದು. ನನಗೆ ಈ ವರ್ಷವೇ ಬೇಕು, ಮಾವ. ನಿಮಗೆ ಮುಂದಿನ ವರ್ಷ ಅನ್ನುವುದೊಂದು ಯಾವಾಗಲೂ ಇರುತ್ತದೆ.

ಎರಡನೇ ಪಾಳಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ಸಂಜೆಯೆಲ್ಲ ಫ್ರಿಜ್ಜಿನ ಬಾಗಿಲಿಗೆ ರಬ್ಬರು ಕೂರಿಸಿ ಹೆಬ್ಬೆರಳು ಮರಗಟ್ಟಿದೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ.

ನಿಮ್ಮ ಕೆಮ್ಮು ಹೇಗಿದೆ? ಗಣಿ ಆಸ್ಪತ್ರೆಗೆ ಹೋಗಿ ಎದೆ ತೋರಿಸಿದಿರಾ? ಕಳೆದ ಮೂರು ಕಾಗದದಲ್ಲೂ ಕೇಳಿದೆ.

ರೆಟ್ಟಾ

ಹ್ಯಾಕರ್ಸ್ ಫೋರ್ಕ್
ಜೂನ್ 3, 1977

ಮಗಳೇ,

ಬ್ರೆಡ್ಡಿನ ಲಾರಿಯ ಮಾತು ಬೇಡ. ಆ ಲಾರಿಯನ್ನು ಅವನಂತೆ ತಿರುಗಿಸುವವನು ಈ ಸೀಮೆಯಲ್ಲೇ ಇಲ್ಲ.

ನಮ್ಮನ್ನು ಅವರು 'ಫಾರ್ಮ್' ಅನ್ನುತ್ತಾರೆ, ಅಂದರೆ ಹೊಲ. ಡೇಟನ್ ದೊಡ್ಡ ಮನೆ, ನಾವು ಹೊಲ. ಸರಿ, ಒಪ್ಪಿದೆ. ಆದರೆ ಮೊಳಕೆ ಬಂದದ್ದನ್ನು ಕಿತ್ತು ಪಕ್ಕದ ಮನೆಯವನಿಗೆ ಕೊಟ್ಟು, ಅವನ ಹಿತ್ತಲಿನ ಹಳೇ ಕುಂಬಳಕಾಯಿ ತರುವವನನ್ನು ಎಲ್ಲಾದರೂ ರೈತ ಅನ್ನುತ್ತಾರೇನು? ಬ್ರಾನಿಗನ್‌ಗೆ ಮೂವತ್ತಾರು. ಅವನ ಮಂಡಿ ನನ್ನ ಮಂಡಿಗಿಂತ ಹಳೆಯದು.

ಶನಿವಾರ ಡೊರ್ಸಿ ಹನ್ನೊಂದು ಮಂದಿಯನ್ನು ಔಟ್ ಮಾಡಿದ. ಕೊನೆಯವನು ಬ್ಯಾಟನ್ನು ನೆಲಕ್ಕೆ ಕುಕ್ಕಿ, ಅಂಪೈರಿಗೆ, "ಚೆಂಡು ಬಂತಾ ಸ್ವಾಮಿ? ನಂಗೊಂದು ಸಲ ತೋರ್ಸಿ" ಅಂದ. ಊರೆಲ್ಲ ನಕ್ಕಿತು. ಪ್ರೂಯಿಟ್‌ನ ಅಂಗಡಿಯಲ್ಲಿ ನಾನು ಹೇಳಿದೆ, "ಈ ಹುಡುಗ ಬರೋ ವರ್ಷ ಡೇಟನ್ನಿನಲ್ಲಿ ಆಡ್ತಾನೆ, ನನ್ನ ಮಾತು ಬರೆದಿಟ್ಕೊಳ್ಳಿ." ಪ್ರೂಯಿಟ್ ಕೌಂಟರಿನ ಹಿಂದಿನಿಂದಲೇ, "ನಿನ್ನ ಮಾತು ಬರೆದೂ ಬರೆದೂ ನನ್ನ ಗೋಡೇಲಿ ಜಾಗ ಇಲ್ಲ ಆರ್ವಿಲ್" ಅಂದ. ಹನ್ನೊಂದು ವರ್ಷದಿಂದ ಹೀಗೆಯೇ. ಡೇಟನ್ನಿನಿಂದ ಹುಡುಗರನ್ನು ನೋಡಿಹೋಗಲು ಬರುವವರ ಪಕ್ಕದಲ್ಲೂ ಕೂತು ಹೇಳಿದ್ದೇನೆ. ತಲೆಯಾಡಿಸುತ್ತಾರೆ, ನಗುತ್ತಾರೆ. ಒಬ್ಬನೂ ಜೇಬಿನಿಂದ ಪೆನ್ಸಿಲು ತೆಗೆದದ್ದಿಲ್ಲ.

ಡೊರ್ಸಿ ನಿನ್ನನ್ನು ಕೇಳಿದ. "ನಿಮ್ಮ ಸೋದರಸೊಸೆ ಮೈದಾನಕ್ಕೆ ಹತ್ರದಲ್ಲೇ ಇದ್ದಾರಾ? ನಾನು ಅಲ್ಲಿಗೆ ಹೋದ್ರೆ ನನಗೆ ಗುರುತಿನವರು ಒಬ್ರಾದ್ರೂ ಇರ್ತಾರೆ" ಅಂದ. ಇರುತ್ತಾಳೆ, ಬಿಸ್ಕೆಟ್ಟು ಮಾತ್ರ ಕಲ್ಲಿನ ಹಾಗೆ ಮಾಡುತ್ತಾಳೆ ಅಂದೆ.

ರೆಸಿ ಆರೋಗ್ಯವಾಗಿದ್ದಾಳೆ. ನಾಯಿಯೂ ಆರೋಗ್ಯವಾಗಿದೆ.

ಆರ್ವಿಲ್ ಮಾವ

ಡೇಟನ್
ಜೂನ್ 17, 1977

ಮಾವ,

ಕೇಳಿದಿರಾ! ಬ್ರಾನಿಗನ್ ನಮ್ಮವನಾದ! ಅದಲುಬದಲಿನ ಗಡುವು ಮುಗಿಯಲು ಇನ್ನೇನು ಒಂದು ಗಂಟೆ ಇದ್ದಾಗ ಸುದ್ದಿ ಬಂತು. ಕಾರ್ಖಾನೆಯಲ್ಲಿ ಯಾರೋ ರೇಡಿಯೊ ಜೋರು ಮಾಡಿದರು, ಮೇಸ್ತ್ರಿಯೂ ಬೆಲ್ಟು ನಿಲ್ಲಿಸಿ ಕುಣಿದ. ನಿನ್ನೆ ಮೈದಾನಕ್ಕೆ ಹೋದೆ. ಮೊದಲ ಸಲ ಬ್ಯಾಟ್ ಹಿಡಿದವನೇ ಎಡಗಡೆ ಗೋಡೆಯ ಆಚೆ ಹೊಡೆದ. ನನ್ನ ಹಿಂದಿದ್ದ ಹೆಂಗಸು, ಯಾರೋ ಏನೋ, ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ.

ನಿಮ್ಮ ಎದೆ ಧಸಕ್ಕೆನ್ನುವ ಮುಂಚೆ ಹೇಳಿಬಿಡುತ್ತೇನೆ. ನಾವು ಕೊಟ್ಟದ್ದು ನಮ್ಮ ಮೂರನೇ ಬೇಸ್ ಕಾಯುವವನನ್ನು, ಜೊತೆಗೆ 'ಹೆಸರು ಆಮೇಲೆ ಹೇಳುವ ಒಬ್ಬ ಆಟಗಾರ'. ಪೇಪರಿನಲ್ಲಿ ಅಷ್ಟೇ ಇದೆ. ಕೆಳಗಿನ ತಂಡದವರಲ್ಲಿ ಕೆಲವರ ಹೆಸರನ್ನು ಡೇಟನ್ನಿನವರು ಕೊಡುತ್ತಾರಂತೆ, ಋತು ಮುಗಿಯುವುದರೊಳಗೆ ಅದರಲ್ಲಿ ಒಬ್ಬನನ್ನು ಸ್ಯಾಕ್ರಮೆಂಟೊದವರು ಆರಿಸಿಕೊಳ್ಳುತ್ತಾರಂತೆ. ಇಂಥ 'ಆಮೇಲೆ'ಯವರು ಯಾವಾಗಲೂ ಯಾರಿಗೂ ಬೇಡದವರು. ಡೊರ್ಸಿಯಂಥವನ ಹೆಸರು ಅದರಲ್ಲಿ ಹಾಕುವಷ್ಟು ದಡ್ಡರಲ್ಲ ನಮ್ಮವರು. ನೀವು ಹೇಳಿದ ಅರ್ಧದಷ್ಟು ಚೆನ್ನಾಗಿದ್ದರೂ ಹಾಕುವುದಿಲ್ಲ.

ಈ ಸಲ ನಾನು ಗೆದ್ದೆ, ಒಪ್ಪಿಕೊಳ್ಳಿ.

ರೆಟ್ಟಾ

ಹ್ಯಾಕರ್ಸ್ ಫೋರ್ಕ್
ಜುಲೈ 6, 1977

ರೆಟ್ಟಾ,

ಮಗು ಹುಟ್ಟಿದ ಮೇಲೆ ಹೆಸರಿಡುವುದನ್ನು ನೋಡಿದ್ದೆ. ಮಾರಿದ ಮೇಲೆ ಹೆಸರಿಡುವುದನ್ನು ಈಗ ನೋಡುತ್ತಿದ್ದೇನೆ.

ಇಪ್ಪತ್ತೈದು ಹುಡುಗರು, ಪ್ರತಿಯೊಬ್ಬನೂ ತಾನೇ ಆ 'ಆಮೇಲೆ' ಅಂದುಕೊಂಡಿದ್ದಾನೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೊದಮೊದಲು ತಮಾಷೆ ಇತ್ತು. "ಏ ಆಮೇಲೆ, ಸೋಪು ಕೊಡೋ", "ಆಮೇಲೆ ಕೊಡ್ತೀನಿ ತಗೋ." ಈಗ ಅದೂ ಇಲ್ಲ. ಯಾರಾದರೂ ಚೆಂಡು ಕೈಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಊಟದ ಮಧ್ಯೆ ಫೋನು ಹೊಡೆದುಕೊಂಡರೆ ಡೊರ್ಸಿ ಚಮಚ ಕೆಳಗಿಡುತ್ತಾನೆ. ಅದು ಯಾವಾಗಲೂ ರೆಸಿಯ ತಂಗಿಯ ಫೋನು. ಆದರೂ ಇಡುತ್ತಾನೆ. ಮೊನ್ನೆ ರೆಸಿ ಅವನಿಗೆ ಕಿಟಕಿ ಪರದೆ ಹೊಲಿಯುತ್ತ ಯಾವ ಬಣ್ಣ ಬೇಕೋ ಎಂದು ಕೇಳಿದರೆ, "ಬೇಡಿ ಅಮ್ಮ, ನಾನೆಷ್ಟು ದಿನ ಇರ್ತೀನೋ" ಅಂದ. ಅವಳು ಉಳಿದ ಮಾತನ್ನು ಸೂಜಿಯ ಜೊತೆ ಆಡಿದಳು.

ಆದರೆ ಹೆದರಬೇಡ. ನಿನ್ನ ಮಾವ ಇನ್ನೂ ಬದುಕಿದ್ದಾನೆ. ಗುರುವಾರ ಮೈದಾನದಲ್ಲಿ ನನ್ನ ಪಕ್ಕ ಒಬ್ಬ ಹೊಸಬ ಬಂದು ಕೂತ. ಟೋಪಿಯಲ್ಲಿ ಕಾಡುಕೋಳಿ ಗರಿ. ಬಿಸಿಲಿಗೆ ಸುಟ್ಟ ಮುಖ, ಬಾಡಿಗೆ ಕಾರು. ಕಡಲೆಕಾಯಿ ಸುಲಿದು ಸಿಪ್ಪೆಯನ್ನು ಕೆಳಗೆ ಹಾಕದೆ ತನ್ನ ಜೇಬಿಗೇ ತುಂಬಿಕೊಳ್ಳುತ್ತಿದ್ದ. ಇಂಥ ನಾಜೂಕು ಈ ಬೆಟ್ಟದವರಿಗೆಲ್ಲಿಂದ ಬರಬೇಕು? ಕ್ಯಾಲಿಫೋರ್ನಿಯಾದವನೇ ಎಂದು ಆಗಲೇ ತಿಳಿದೆ. ಸ್ಯಾಕ್ರಮೆಂಟೊದ ಗೂಢಚಾರ!

"ಆ ಎಡಗೈಯವನು ಚೆನ್ನಾಗಿದ್ದಾನಲ್ಲ?" ಅಂದ.

ಆಗ ನಾನು ಮಾಡಿದ್ದನ್ನು ಕೇಳಿದರೆ ಪ್ರೂಯಿಟ್ ಮೂರ್ಛೆ ಹೋಗುತ್ತಾನೆ. ನನ್ನ ಹುಡುಗನನ್ನು ನಾನೇ ಹಳಿದೆ. "ಅಯ್ಯೋ, ಅವನಾ? ನಮ್ಮ ಮನೇಲೇ ಇರೋದು ಸ್ವಾಮಿ, ನಂಗೊತ್ತಿಲ್ವಾ? ಹಗಲು ಎಸೀತಾನೆ, ರಾತ್ರಿ ಮೊಣಕೈ ಹಿಡ್ಕೊಂಡು ನರಳ್ತಾನೆ. ನನ್ನ ಹೆಂಡತಿ ದಿನಾ ಉಪ್ಪು ಹುರಿದು ಚೀಲಕ್ಕೆ ತುಂಬಿ ಶಾಖ ಕೊಡ್ಬೇಕು. ಇನ್ನೊಂದು ವರ್ಷ ತಡೆದ್ರೆ ಹೆಚ್ಚು" ಅಂದೆ.

ಅವನು ಕಡಲೆಕಾಯಿ ಪೊಟ್ಟಣ ಪಕ್ಕಕ್ಕಿಟ್ಟು, "ಉಪ್ಪಿನ ಶಾಖಾನಾ? ದಿನಾನಾ?" ಅಂತ ಕೇಳಿದ. ಆಮೇಲೆ ಪೆನ್ಸಿಲು ತೆಗೆದ, ಮಗಳೇ! ಹನ್ನೊಂದು ವರ್ಷದಲ್ಲಿ ನನ್ನ ಮಾತಿಗೆ ಮೊದಲನೇ ಸಲ ಒಬ್ಬ ಪೆನ್ಸಿಲು ತೆಗೆದ.

ಇನ್ನು ಸ್ಯಾಕ್ರಮೆಂಟೊದವರು ಇವನ ತಂಟೆಗೆ ಬರುವುದಿಲ್ಲ. ನಿನ್ನ ಬ್ರಾನಿಗನ್ ನಿನಗಿರಲಿ, ನನ್ನ ಡೊರ್ಸಿ ನನಗಿರಲಿ. ಬುದ್ಧಿಗೆ ಎಷ್ಟನೇ ಕ್ಲಾಸು ಓದಬೇಕು ಹೇಳು.

ಆರ್ವಿಲ್ ಮಾವ

ಡೇಟನ್
ಜುಲೈ 12, 1977

ಮಾವ,

ಬೇರೆ ಏನನ್ನೂ ಬರೆಯದೆ ಇದನ್ನೇ ಬರೆಯುತ್ತೇನೆ. ಆ ಗರಿ ಟೋಪಿಯವನ ಎಡಗೆನ್ನೆಯ ಮೇಲೆ ಮಚ್ಚೆ ಇತ್ತೇ?

ಹೋದ ಭಾನುವಾರದ ಪೇಪರಿನಲ್ಲಿ ಹಾಲಿಸ್ ಕ್ವಾರಿಯರ್ ಎಂಬುವವನ ಬಗ್ಗೆ ಅರ್ಧ ಪುಟ ಬಂದಿದೆ, ಫೋಟೊ ಸಮೇತ. ಈ ವಸಂತದಲ್ಲಿ ಹೊಸದಾಗಿ ಸೇರಿದವನು. ಊರೂರು ತಿರುಗುತ್ತಾನೆ, ಎಲ್ಲ ಕಡೆಯೂ ಕಡಲೆಕಾಯಿ ತಿನ್ನುತ್ತಾನೆ, ಮೈದಾನ ಗುಡಿಸುವವರಿಗೆ ತೊಂದರೆಯಾಗಬಾರದೆಂದು ಸಿಪ್ಪೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ ಎಂದು ಹೊಗಳಿ ಬರೆದಿದ್ದಾರೆ. ಸ್ಯಾಕ್ರಮೆಂಟೊದವನಲ್ಲ, ಮಾವ. ಡೇಟನ್ನಿನವನು. ನಮ್ಮವನು. ಕೆಳಗಿನ ತಂಡಗಳಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರ ಹೆಸರನ್ನು ಸ್ಯಾಕ್ರಮೆಂಟೊಗೆ ಕೊಡಬೇಕು ಎಂದು ಬರೆದು ಕೊಡುವವನೇ ಅವನು.

ಈಗಲೇ ತಂಡದ ಮ್ಯಾನೇಜರನ್ನು ಕಂಡು ನಿಜ ಹೇಳಿ. ನಾಳೆಯಲ್ಲ, ಈಗ.

ಇನ್ನೊಂದು. ಡೊರ್ಸಿಯ ಕೈ ಚೆನ್ನಾಗಿದೆ ಅಂದಿರಿ. ಸುಳ್ಳು ಹೇಳುವಾಗ ಉಪ್ಪಿನ ಚೀಲ ಅಷ್ಟು ಬೇಗ ನಿಮ್ಮ ಬಾಯಿಗೆ ಹೇಗೆ ಬಂತು? ಅತ್ತೆ ದಿನಾ ಉಪ್ಪು ಹುರಿಯುವುದು ಯಾರ ಎದೆಗೆ?

ರೆಟ್ಟಾ

ಡೇಟನ್
ಆಗಸ್ಟ್ 10, 1977

ಮಾವ,

ನಾಲ್ಕು ವಾರವಾಯಿತು. ಅತ್ತೆಗೆ ಫೋನು ಮಾಡಿದರೆ, "ಅವರು ಹಿತ್ತಲಲ್ಲಿದ್ದಾರೆ" ಅನ್ನುತ್ತಾಳೆ. ಹಿತ್ತಲಲ್ಲಿ ಅಷ್ಟು ಕೆಲಸ ಯಾವತ್ತಿನಿಂದ?

ಬ್ರಾನಿಗನ್ ಬಗ್ಗೆ ನೀವು ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ. ಬೈಯುವುದಕ್ಕಾದರೂ ಒಂದು ಸಾಲು ಬರೆಯಿರಿ.

ರೆಟ್ಟಾ

ಹ್ಯಾಕರ್ಸ್ ಫೋರ್ಕ್
ಸೆಪ್ಟೆಂಬರ್ 6, 1977

ರೆಟ್ಟಾ,

ಹೆಸರು ಬಂತು.

ಮ್ಯಾನೇಜರನ್ನು ಕಾಣಲಿಲ್ಲ ಅಂದುಕೊಳ್ಳಬೇಡ. ನಿನ್ನ ಕಾಗದ ಬಂದ ದಿನವೇ ಹೋದೆ. ಬೂಟಿನ ದಾರ ಕಟ್ಟುತ್ತಿದ್ದವನು ಕತ್ತೆತ್ತಲೂ ಇಲ್ಲ. "ಡೊರ್ಸಿ ಕೈಗೆ ಏನೂ ಆಗಿಲ್ಲ, ಅವನು ಬಂಗಾರ, ಅವನಂಥ ಎಡಗೈ ಈ ದೇಶದಲ್ಲೇ ಇಲ್ಲ" ಅಂದೆ. "ಗೊತ್ತು ಆರ್ವಿಲ್, ಗೊತ್ತು. ಕ್ಯಾಚರ್ ವಿಷಯದಲ್ಲೂ ಹೇಳಿದ್ರಿ" ಅಂದ. ನಾನು ಹೇಳಿದ ಸುಳ್ಳನ್ನು ಸುಳ್ಳು ಎಂದು ಹೇಳಿದೆ. ಅದನ್ನೂ ನನ್ನ ಬಡಾಯಿಯ ಲೆಕ್ಕಕ್ಕೇ ಹಾಕಿದ. ಡೇಟನ್ನಿಗೆ ಫೋನು ಮಾಡಿಸಿದೆ. ಅಲ್ಲೊಬ್ಬಳು ಹುಡುಗಿ ನನ್ನ ಹೆಸರು ಬರೆದುಕೊಂಡಳು. ಬರೀ ನನ್ನ ಹೆಸರು.

ಋತುವಿನ ಕೊನೆಯ ಆಟ ಮುಗಿದ ಮಾರನೆಯ ದಿನ ಡೊರ್ಸಿಯನ್ನು ಕರೆದು ಹೇಳಿದರು. ಡೇಟನ್ನಿನವರು ಅವನ ಹೆಸರನ್ನು ಕೊಡದೆ ಬಚ್ಚಿಡುವವರಿದ್ದರಂತೆ, ಮುಂದಿನ ವಸಂತಕ್ಕೆ ಮೇಲಿನ ತಂಡಕ್ಕೆ ಏರಿಸುವವರೂ ಇದ್ದರಂತೆ. ಮೊಣಕೈ ಸುದ್ದಿ ಬಂದ ಮೇಲೆ ಅವನ ಹೆಸರನ್ನೂ ಸ್ಯಾಕ್ರಮೆಂಟೊದವರ ಮುಂದೆ ಇಟ್ಟರು. ಅವರು ಬಂದು ಎರಡು ಆಟ ನೋಡಿ, ಬೇರೆ ಯಾರನ್ನೂ ಕೇಳದೆ ಅವನನ್ನೇ ಎತ್ತಿಕೊಂಡರು.

ಸಂಜೆ ಊಟಕ್ಕೆ ಬಂದ. ಅವನ ಕುರ್ಚಿಯಲ್ಲೇ ಕುಳಿತ. ರೆಸಿ ಜೋಳದ ರೊಟ್ಟಿ, ಹುರಿದ ಆಲೂಗಡ್ಡೆ ಮಾಡಿದ್ದಳು. ತಟ್ಟೆ ನೋಡಿಕೊಂಡೇ, "ಯಾರೋ ನನ್ನ ಕೈ ಕೆಟ್ಟೋಗಿದೆ ಅಂತ ಹೇಳಿದ್ದಾರಂತೆ ಯಜಮಾನ್ರೇ. ನನ್ನ ಮೇಲೆ ಯಾರಿಗೆ ಅಷ್ಟು ಕೋಪ ಇರ್ಬೋದು?" ಅಂದ.

ನನಗೆ ಕೆಮ್ಮು ಬಂತು. ನಿಜವಾದ ಕೆಮ್ಮೇ. ಬಂದದ್ದು ಒಳ್ಳೆಯದಾಯಿತು, ಬೇಗ ನಿಲ್ಲಲಿಲ್ಲ. ಅವನೇ ಎದ್ದು ನೀರು ತಂದು ಕೊಟ್ಟ, ಬೆನ್ನು ನೀವಿದ, ಎಡಗೈಯಿಂದ. ರೆಸಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತು. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ನನ್ನದಕ್ಕೆ ಹಾಕಲಿಲ್ಲ.

ಹನ್ನೊಂದು ವರ್ಷ ಹುಡುಗರನ್ನು ಹೊಗಳಿದೆ, ಒಬ್ಬನೂ ನಂಬಲಿಲ್ಲ. ಒಂದು ದಿನ ಹಳಿದೆ, ತಕ್ಷಣ ನಂಬಿದರು.

ಅವನ ಬಸ್ಸು ಡೇಟನ್ನಿನ ಮೇಲೆ ಹೋಗುತ್ತದೆ. ಹನ್ನೆರಡನೇ ತಾರೀಖು, ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ನಿಲ್ಲುತ್ತದೆ, ಬಸ್ಸು ಬದಲಿಸಲು ಮುಕ್ಕಾಲು ಗಂಟೆ ಇದೆ. ನೀನು ಹೋಗಿ ಬಾ. ನಾನು ಹೇಳಬೇಕಾದ್ದನ್ನು ನೀನು ಹೇಳು ಅನ್ನುವುದು ತಪ್ಪು. ಆದರೂ ಅನ್ನುತ್ತಿದ್ದೇನೆ.

ಆಸ್ಪತ್ರೆಗೆ ಹೋಗಿದ್ದೆ. ನೀನು ಅಂದುಕೊಂಡದ್ದೇ. ಗಣಿಯ ಧೂಳು. ಈಗಲೇ ಏನೂ ಆಗುವುದಿಲ್ಲ ಅಂದರು.

ಆರ್ವಿಲ್

ಡೇಟನ್
ಸೆಪ್ಟೆಂಬರ್ 14, 1977

ಮಾವ,

ಹೋಗಿದ್ದೆ. ನೀವು ಹೇಳಿದ್ದಕ್ಕಿಂತ ತೆಳ್ಳಗಿದ್ದಾನೆ, ಕಿವಿ ದೊಡ್ಡದು. ಒಂದು ಚೀಲ, ಇನ್ನೊಂದು ಕೈಯಲ್ಲಿ ಕಾಗದ ಸುತ್ತಿದ ಪೊಟ್ಟಣ. ಅದರಲ್ಲಿ ಅತ್ತೆ ಹೊಲಿದ ಪರದೆ. ಅಲ್ಲಿ ಕಿಟಕಿ ಎಷ್ಟುದ್ದ ಇರುತ್ತದೋ ಎಂದು ನನ್ನನ್ನು ಕೇಳಿದ. ನನಗೇನು ಗೊತ್ತು?

ನನ್ನ ಬಿಸ್ಕೆಟ್ಟನ್ನು ಕಷ್ಟಪಟ್ಟು ತಿಂದ. "ಯಜಮಾನ್ರು ಹೇಳಿದ್ರು" ಅಂತ ನಕ್ಕ. ಅವನು ನಕ್ಕಿದ್ದಕ್ಕೇ ನನಗೆ ಧೈರ್ಯ ಬಂದು ಹೇಳಿಬಿಟ್ಟೆ. ಗರಿ ಟೋಪಿ, ಕಡಲೆಕಾಯಿ, ಉಪ್ಪಿನ ಚೀಲ, ಯಾವುದನ್ನೂ ಬಿಡಲಿಲ್ಲ. ಬ್ರಾನಿಗನ್ ಬೇಕೆಂದು ಪೇಪರಿಗೆ ಬರೆದವಳು ನಾನು ಅನ್ನುವುದನ್ನೂ ಸೇರಿಸಿದೆ.

ಪರದೆಯ ಪೊಟ್ಟಣವನ್ನು ಬಿಚ್ಚಿ ಮತ್ತೆ ಸುತ್ತಿದ. ಬೈಯಬಹುದು ಅಂತ ಕಾದೆ. ಕೊನೆಗೆ, "ಅಂದ್ರೆ, ನನ್ನನ್ನ ಇಟ್ಕೊಳ್ಳೋಕೆ ಅಂತ ಹೇಳಿದ್ರಾ?" ಅಂದ.

"ಹೌದು" ಅಂದೆ.

"ಕಳಿಸೋಕೆ ಅಂತ ನಾನಿದ್ದ ಮನೆಯೋರೆಲ್ಲ ಏನೇನೋ ಹೇಳ್ತಿದ್ರು. ಹುಡುಗ ಒಳ್ಳೇವ್ನು, ಕೆಲಸ ಮಾಡ್ತಾನೆ, ಜಾಸ್ತಿ ತಿನ್ನಲ್ಲ, ಕರ್ಕೊಂಡೋಗಿ ಅಂತ. ಕೆಟ್ಟದಾಗಿ ಹೇಳಿದೋರು ಇವ್ರೊಬ್ರೇ."

ಆಮೇಲೆ ಬಸ್ಸು ಹೊರಡುತ್ತದೆ ಎಂದು ಕೂಗಿದರು. ಕ್ಷಮಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಬರೆಯುವುದಿಲ್ಲ. ಕಿಟಕಿಯಿಂದ ಕೈ ಎತ್ತಿದ, ಅಷ್ಟೇ.

ಬ್ರಾನಿಗನ್ ಮಂಡಿ ಜುಲೈ ಕೊನೆಯಲ್ಲೇ ಹೋಯಿತು. ಆಗಿನಿಂದ ಬೆಂಚಿನ ಮೇಲೆ ಕುಳಿತಿದ್ದಾನೆ, ನಾವು ನಾಲ್ಕನೆಯ ಸ್ಥಾನದಲ್ಲಿದ್ದೇವೆ. ಈ ವರ್ಷವೇ ಬೇಕು ಎಂದು ಯಾಕೆ ಹಟ ಮಾಡಿದೆ ಅಂದರೆ, ಎರಡನೇ ಪಾಳಿಯನ್ನು ಅಕ್ಟೋಬರಿನಲ್ಲಿ ಮುಚ್ಚುತ್ತಾರೆ ಎಂದು ಮೇ ತಿಂಗಳಲ್ಲೇ ಹೇಳಿದ್ದರು. ಮುಂದಿನ ವರ್ಷ ನಾನು ಯಾವ ಊರಿನಲ್ಲಿರುತ್ತೇನೋ. ಹೋಗುವ ಮುಂಚೆ ಒಂದು ಸಲ ಗೆದ್ದದ್ದನ್ನು ನೋಡಬೇಕಿತ್ತು. ನಿಮಗೆ ಹೇಳಿದರೆ ವಾಪಸು ಬಾ ಅನ್ನುತ್ತೀರೆಂದು ಹೇಳಲಿಲ್ಲ.

ನಿಮ್ಮ ಕಾಗದದಲ್ಲಿ ಒಂದೂ ಬಡಾಯಿ ಇರಲಿಲ್ಲ, ಓದಲಿಕ್ಕೇ ಆಗಲಿಲ್ಲ. ಮುಂದಿನದರಲ್ಲಿ ಒಂದು ಸುಳ್ಳಾದರೂ ಬರೆಯಿರಿ, ಮಾವ.

ರೆಟ್ಟಾ

ಹ್ಯಾಕರ್ಸ್ ಫೋರ್ಕ್
ಮೇ 15, 1978

ರೆಟ್ಟಾ ಮಗಳೇ,

ಸಿನ್ಸಿನ್ಯಾಟಿಯ ಹೊಸ ವಿಳಾಸಕ್ಕೆ ಇದು ತಲುಪುತ್ತದೆ ಎಂದುಕೊಂಡಿದ್ದೇನೆ. ಚಳಿಗಾಲವೆಲ್ಲ ಬರೆಯಲಿಲ್ಲ. ಉಸಿರು ಕಡಿಮೆ, ಮಾತೂ ಕಡಿಮೆ.

ಮಹಡಿಗೆ ಹೊಸ ಹುಡುಗ ಬಂದಿದ್ದಾನೆ. ಎರಡನೇ ಬೇಸಿನವನು, ಅಲಬಾಮಾದವನು. ಚೆಂಡು ಹಿಡಿಯುತ್ತಾನೆ. ಕೆಲವು ಸಲ ಬಿಡುತ್ತಾನೆ. ಹೊಟ್ಟೆ ತುಂಬ ತಿನ್ನುತ್ತಾನೆ ಅನ್ನುತ್ತಾಳೆ ರೆಸಿ. ಕಿಟಕಿ ಪಕ್ಕದ ಕುರ್ಚಿಗೆ ಅವನು ಕೈ ಹಾಕಿದಾಗ, "ಅದ್ರ ಕಾಲು ಸರಿಯಿಲ್ಲಪ್ಪ, ಈ ಕಡೆ ಕೂತ್ಕೋ" ಅಂದಳು. ಕಾಲು ಸರಿಯಾಗಿಯೇ ಇದೆ. ಈ ಮನೆಯಲ್ಲಿ ಈಗ ಸುಳ್ಳು ಹೇಳುವವಳು ಅವಳು.

ಮೊನ್ನೆ ಗರಿ ಟೋಪಿಯವನು ಮತ್ತೆ ಬಂದು ನನ್ನ ಪಕ್ಕವೇ ಕುಳಿತ. ಕಡಲೆಕಾಯಿ ಕೊಟ್ಟ, ತೆಗೆದುಕೊಂಡೆ. "ಎರಡನೇ ಬೇಸಿನವನು ಹೇಗೆ ಯಜಮಾನ್ರೇ? ನಿಮ್ಮನೇಲೇ ಇದ್ದಾನಂತೆ?" ಅಂದ.

"ಆಟ ಅಲ್ಲಿ ನಡೀತಿದೆ. ನೀವೇ ನೋಡಿ" ಅಂದೆ.

ಅವನು ನೋಡಿದ. ಸಿಪ್ಪೆಯನ್ನು ನಾನೂ ಜೇಬಿಗೆ ಹಾಕಿಕೊಂಡೆ.

ಇವತ್ತು ಟಪಾಲಿನಲ್ಲಿ ಡೊರ್ಸಿಯಿಂದ ಒಂದು ಲಕೋಟೆ ಬಂತು. ಒಳಗೆ ಪತ್ರವೇನಿಲ್ಲ, ಅಲ್ಲಿನ ಪೇಪರಿನ ಒಂದು ತುಂಡು. ಸ್ಯಾಕ್ರಮೆಂಟೊದವರ ಮೇಲಿನ ಹೊಲದಲ್ಲಿ ಆಡುತ್ತಿದ್ದಾನಂತೆ, ದೊಡ್ಡ ತಂಡಕ್ಕೆ ಒಂದೇ ಮೆಟ್ಟಿಲು. ಹದಿಮೂರು ಮಂದಿ ಔಟ್. ಆ ಕರ್ವ್ ಎಲ್ಲಿ ಕಲಿತೆ ಎಂದು ಪೇಪರಿನವನು ಕೇಳಿದ್ದಕ್ಕೆ, "ವರ್ಜೀನಿಯಾದಲ್ಲಿ ಒಬ್ಬರ ಹಿತ್ತಲಲ್ಲಿ, ಅಕ್ರೋಟು ಕಾಯಿ ಎಸೆದು" ಅಂದಿದ್ದಾನೆ. ಅಚ್ಚಾಗಿದೆ. ರೆಸಿ ಎರಡು ಸಲ ಓದಿಸಿದಳು.

ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಪ್ರೂಯಿಟ್‌ನ ಅಂಗಡಿಯವರೆಗೆ ಹೋದೆ. ಎಲ್ಲರೂ ಒಳಗಿದ್ದರು. ನನ್ನನ್ನು ಕಂಡು ಪ್ರೂಯಿಟ್, "ಏನು ಆರ್ವಿಲ್, ಈ ವರ್ಷ ಯಾರನ್ನ ಬರೆದಿಟ್ಕೊಳ್ಳೋಣ?" ಅಂತ ಬಾಗಿಲಿಗೇ ಬಂದ.

"ಯಾರೂ ಇಲ್ಲ ಕಣೋ. ಉಪ್ಪು ತಗೊಂಡು ಹೋಗೋಣ ಅಂತ ಬಂದೆ" ಅಂದೆ.

ಉಪ್ಪು ತೆಗೆದುಕೊಂಡು ಮನೆಗೆ ಬಂದೆ.

ನಿನ್ನ ಮಾವ,
ಆರ್ವಿಲ್